ನಾದಿನಿಗೆ ಕಿವಿ ತಂದ ನಮ್ಮ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಮನೆ ಬಾಗಿಲಿಗೆ ಸಾಕ್ಷಾತ್ ಯಮನೇ ಬಂದು ‘ನಡಿ ತಾಯಿ, ಟೈಮಾಯ್ತು’ ಅಂದರೂ ಅವಳು ಹೆದರುವವಳಲ್ಲ. ‘ಬರ್ತೀನಪ್ಪ, ಬರಲ್ಲ ಅಂದ್ನಾ? ಯಾವ ರೂಲ್ಸ್ ಪ್ರಕಾರ ಕರ್ಕೊಂಡ್ ಹೋಗ್ತಿದೀಯ, ಅದೊಂದು ಬರ್ಕೊಡು. ಸೀಲ್ ಹಾಕ್ಕೊಡು’ ಎನ್ನುತ್ತಾಳೆ. ಯಮನ ಹತ್ತಿರ ಪಾಶವಿದೆ, ಕೋಣವಿದೆ. ಸೀಲು ಎಲ್ಲಿದೆ? ಹಾಗಾಗಿ ದೊಡ್ಡಮ್ಮ ಇನ್ನೂ ಬಹಳ ವರ್ಷ ತುಮಕೂರಿನ ಬಟವಾಡಿಯಲ್ಲೇ ಇರುತ್ತಾಳೆಂದು ನಮ್ಮ ಬಂಧುಬಳಗವೆಲ್ಲ ನಂಬಿಕೊಂಡಿದೆ.

ಎಪ್ಪತ್ತೊಂದು ವರ್ಷದ ಈ ಮಹಾತಾಯಿಗೆ ಒಂದು ವಿಚಿತ್ರ ಹವ್ಯಾಸವಿದೆ. ಬೇರೆಯವರು ದೇವಸ್ಥಾನಕ್ಕೆ ಹೋದರೆ ಗರ್ಭಗುಡಿ ನೋಡುತ್ತಾರೆ, ಇವಳು ನೋಟಿಸ್ ಬೋರ್ಡು ನೋಡುತ್ತಾಳೆ. ಬ್ಯಾಂಕು, ಆಸ್ಪತ್ರೆ, ಬಸ್ ಸ್ಟ್ಯಾಂಡು, ಎಲ್ಲಿ ಏನು ಅಂಟಿಸಿದ್ದರೂ ಮೇಲಿನ ‘ಪ್ರಕಟಣೆ’ಯಿಂದ ಕೆಳಗಿನ ಸಹಿಯವರೆಗೆ ಓದದೆ ಕದಲುವುದಿಲ್ಲ. ಯಾರಾದರೂ ಅಯ್ಯೋ ಪಾಪ ಅಂತ ‘ವಯಸ್ಸಾದೋರು, ಮುಂದೆ ಬಿಡ್ರಪ್ಪಾ’ ಅಂದರೋ, ಮುಗಿಯಿತು! ‘ಪಾಪ ಅಂತ ಬಿಡ್ಬೇಡಿ. ಹಿರಿಯ ನಾಗರಿಕರಿಗೆ ಬೇರೆ ಕ್ಯೂ ಅಂತ ಬೋರ್ಡ್ ಹಾಕಿದೀರಲ್ಲ, ಅದಕ್ಕೆ ಬಿಡಿ’ ಎಂದು ಅವರಿಗೇ ಪಾಠ ಮಾಡುತ್ತಾಳೆ. ದಯೆ ತೋರಿಸಲು ಹೋಗಿ ಬೈಸಿಕೊಂಡವರು ತುಮಕೂರಿನಲ್ಲಿ ಎಷ್ಟು ಜನರಿದ್ದಾರೋ!

ನಾನು ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ನನ್ನ ಹತ್ತಿರ ಒಂದು ಸ್ಕೂಟರಿದೆ, ವರ್ಷಕ್ಕೆ ಇಷ್ಟು ಅಂತ ರಜೆಯಿದೆ. ಎರಡೂ ದೊಡ್ಡಮ್ಮನ ಹೆಸರಿಗೆ ಯಾವತ್ತೋ ಖಾತೆಯಾಗಿ ಹೋಗಿವೆ.

ಮಕ್ಕಳಿಲ್ಲದ ದೊಡ್ಡಮ್ಮನ ಜೊತೆ ಇರುವವಳು ಅವಳ ನಾದಿನಿ, ಅಂದರೆ ನಮ್ಮ ದೊಡ್ಡಪ್ಪನ ಅಕ್ಕ. ಎಂಬತ್ತೆರಡು ವರ್ಷ. ಚಿಕ್ಕ ವಯಸ್ಸಿಗೇ ಗಂಡ ಹೋಗಿ, ಗುಬ್ಬಿಯಲ್ಲಿದ್ದುಕೊಂಡು ಹುಣಸೆಹಣ್ಣು ಬಿಡಿಸುವ ಕೆಲಸ ಮಾಡಿ ತಮ್ಮನನ್ನು ಓದಿಸಿದ ಗಟ್ಟಿಗಿತ್ತಿ. ಆ ತಮ್ಮನಿಗೆ ಹೆಂಡತಿಯಾಗಿ ಬಂದವಳು ನಮ್ಮ ದೊಡ್ಡಮ್ಮ. ಬಂದ ಮೊದಲನೇ ದಿನವೇ ಸಾರಿನ ರುಚಿ ನೋಡಿ ನಾದಿನಿ ‘ನಿಮ್ಮೂರಲ್ಲಿ ಉಪ್ಪು ಸಿಗಲ್ವಾ?’ ಅಂದಳಂತೆ. ದೊಡ್ಡಮ್ಮ ‘ಸಿಗುತ್ತೆ, ಮರ್ಯಾದೆನೂ ಸಿಗುತ್ತೆ’ ಅಂದಳಂತೆ. ಅಲ್ಲಿಂದ ಶುರುವಾದ ಜಗಳ ನಲವತ್ತೈದು ವರ್ಷ ಒಂದು ದಿನವೂ ನಿಂತದ್ದಿಲ್ಲ. ಕಾಫಿ ತಪ್ಪಬಹುದು, ಜಗಳ ತಪ್ಪುವ ಹಾಗಿಲ್ಲ.

ಮೂರು ವರ್ಷದ ಹಿಂದೆ ನಾದಿನಿಗೆ ಕಿವಿ ಹೋಯಿತು. ಅದಾದ ಮೇಲಿನ ವರ್ಷ ದೊಡ್ಡಪ್ಪನೂ ಹೋದರು. ಮನೆಯಲ್ಲಿ ಇಬ್ಬರೇ ಉಳಿದರು. ದೊಡ್ಡಮ್ಮ ಕೂಗುವುದು, ನಾದಿನಿ ನಗುನಗುತ್ತಾ ‘ಹೂಂ’ ಅನ್ನುವುದು. ‘ಸ್ನಾನಕ್ಕೆ ನೀರು ಕಾದಿದೆ’ ಅಂದರೂ ಹೂಂ. ‘ನಿನ್ನಂಥ ಹಟಮಾರಿನ ನಾ ನೋಡಿಲ್ಲ’ ಅಂದರೂ ಹೂಂ. ದೊಡ್ಡಮ್ಮ ನನ್ನ ಮುಂದೆ ಗೋಳಾಡಿದಳು: ‘ಬೈದ್ರೂ ಹೂಂ ಅಂತಾಳೆ ಕಣೋ! ಇದೊಂದು ಬಾಳಾಟವೇನೋ?’

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ನಾದಿನಿ ಟೀವಿ ಬಿಟ್ಟಳು, ಅಕ್ಕಪಕ್ಕದವರ ಜೊತೆ ಕೂರುವುದು ಬಿಟ್ಟಳು. ಯಾರು ಏನು ಹೇಳಿದರೋ ಎಂಬ ಸಂಕೋಚಕ್ಕೆ ಗೋಡೆಯ ಕಡೆ ಮುಖಮಾಡಿ ಮಲಗುವುದು ಹೆಚ್ಚಾಯಿತು. ಒಂದು ಬೆಳಿಗ್ಗೆ ಸರ್ವಿಸ್ ರೋಡಿನ ಗಾಡಿಯಲ್ಲಿ ಕೊತ್ತಂಬರಿ ಸೊಪ್ಪು ತರಲು ಹೋಗಿದ್ದಾಳೆ. ಹಿಂದಿನಿಂದ ಲಗೇಜ್ ಆಟೋ ಹಾರ್ನ್ ಮಾಡುತ್ತಾ ಬರುತ್ತಿದೆ. ಗೇಟಿನ ಹತ್ತಿರ ನಿಂತಿದ್ದ ದೊಡ್ಡಮ್ಮ ‘ಅಕ್ಕಾ!’ ಎಂದು ಕಿರುಚಿದಳು. ಇಡೀ ಬೀದಿ ತಿರುಗಿ ನೋಡಿತು, ನಾದಿನಿಯೊಬ್ಬಳನ್ನು ಬಿಟ್ಟು. ಆಟೋ ಅವಳ ಸೆರಗು ಹರಿದುಕೊಂಡು ಮುಂದೆ ಹೋಯಿತು. ಮೈಗೆ ಏನೂ ಆಗಲಿಲ್ಲ. ಮಾರನೇ ದಿನ ನನಗೆ ಫೋನು: ‘ಲೋ, ರಜಾ ಹಾಕು. ಹಿರಿಯರಿಗೆ ಕಿವಿ ಮಿಷನ್ನು ಪುಕ್ಕಟೆ ಕೊಡ್ತಾರಂತೆ. ಆಸ್ಪತ್ರೆ ಬೋರ್ಡಲ್ಲಿ ಓದಿದೀನಿ. ಆಧಾರ್ ಕಾರ್ಡ್ ಯಾವೂರಿನದೋ ಆ ಊರಿನ ಶಿಬಿರಕ್ಕೇ ಹೋಗ್ಬೇಕಂತೆ. ಅವಳದ್ದು ಇನ್ನೂ ಗುಬ್ಬಿ.’

ಗುಬ್ಬಿಗೆ ಬಸ್ಸು ಹತ್ತಿದೆವು. ಹೆಂಗಸರಿಗೆ ಫ್ರೀ, ಮೂವರಲ್ಲಿ ಟಿಕೆಟ್ ತೆಗೆದುಕೊಂಡ ಪಾಪಿ ನಾನೊಬ್ಬನೇ. ಹಿರಿಯ ನಾಗರಿಕರ ಸೀಟಿನಲ್ಲಿ ಇದ್ದಿಲಿನಂಥ ಕಪ್ಪು ತಲೆಯ ಒಬ್ಬರು ಕೂತಿದ್ದರು. ದೊಡ್ಡಮ್ಮ ಅವರ ನೆತ್ತಿಯ ಮೇಲಿದ್ದ ಬರಹವನ್ನು ಗಟ್ಟಿಯಾಗಿ, ಪ್ರಾರ್ಥನೆ ಹೇಳುವ ಹಾಗೆ ಓದಿದಳು. ಅವರು ಕಿಟಕಿಯ ಆಚೆ ನೋಡಿದರು. ಮತ್ತೊಮ್ಮೆ ಓದಿದಳು. ಕಂಡಕ್ಟರ್ ಬಂದು ಕೇಳಿದ: ‘ಸಾರ್, ನಿಮ್ಗೆ ಅರವತ್ತಾಗಿದ್ಯಾ?’

ಆ ಮನುಷ್ಯ ತಲೆಗೂದಲ ಮೇಲೆ ಒಂದು ಸಲ ಕೈಯಾಡಿಸಿಕೊಂಡರು. ಸುತ್ತ ಕಾಲೇಜು ಹುಡುಗ ಹುಡುಗಿಯರು ನಿಂತಿದ್ದಾರೆ. ‘ಛೇ ಛೇ, ಎಲ್ರೀ ಅರವತ್ತು!’ ಅಂದವರೇ ಎದ್ದು ನಿಂತರು. ನಾದಿನಿ ಕೂತಳು.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಗುಬ್ಬಿಯಲ್ಲಿ ಶಿಬಿರದ ಕ್ಯೂ ಸೇರಿದರೆ ನಮ್ಮ ಮುಂದೆ ಅದೇ ಕಪ್ಪು ತಲೆ! ಮಂಡಿಗೆ ಬೆಲ್ಟು ಬೇಕೆಂದು ವಯಸ್ಸು ಅರವತ್ತೇಳು ಎಂಬ ದಾಖಲೆ ಹಿಡಿದು ನಿಂತಿದ್ದಾರೆ. ದೊಡ್ಡಮ್ಮ ಬಿಡುತ್ತಾಳೆಯೇ? ‘ಏನ್ ಸ್ವಾಮಿ, ಬಸ್ಸಿಂದ ಇಲ್ಲಿಗ್ ಬರೋ ಅಷ್ಟ್ರಲ್ಲಿ ಇಷ್ಟು ವಯಸ್ಸಾಗೋಯ್ತಾ?’ ಪಾಪ, ಆತನೂ ಒಳ್ಳೆಯವರೇ. ‘ರೋಡ್ ಸರಿಯಿಲ್ಲ ತಾಯಿ’ ಎಂದು ನಕ್ಕು ನಮಗೆ ಜಾಗ ಬಿಟ್ಟರು.

ಮೊದಲ ಟೇಬಲಿನಲ್ಲಿ ಹೆಬ್ಬೆಟ್ಟು ಒತ್ತಬೇಕು. ನಾದಿನಿಯ ಹೆಬ್ಬೆಟ್ಟು ಮಿಷನ್ನಿಗೆ ಹಿಡಿಸಲೇ ಇಲ್ಲ. ಒರೆಸಿ ಒತ್ತಿದರೂ ಇಲ್ಲ, ಬೇರೆ ಬೆರಳು ಇಟ್ಟರೂ ಇಲ್ಲ. ‘ಗೆರೆಗಳೆಲ್ಲ ಸವೆದಿದಾವೆ. ಏನೂ ಮಾಡಕ್ಕಾಗಲ್ಲ’ ಅಂದಳು ಕಂಪ್ಯೂಟರಿನ ಹುಡುಗಿ.

‘ಸವೀದೇ ಇನ್ನೇನಮ್ಮ? ಹುಣಸೆಹಣ್ಣು ಬಿಡಿಸಿ ಬಿಡಿಸಿ ಒಂದು ಸಂಸಾರ ಎತ್ತಿದ ಬೆರಳು ಅದು. ಏನೂ ಮಾಡಕ್ಕಾಗಲ್ಲ ಅಂದ್ಯಲ್ಲ, ಅದನ್ನೇ ಬರ್ಕೊಡು. ಬೆರಳು ಸವೆದೋರಿಗೆ ಕಿವಿ ಕೊಡಲ್ಲ ಅಂತ.’

ಹುಡುಗಿ ಯಾರಿಗೋ ಫೋನ್ ಮಾಡಿದಳು. ಕಣ್ಣು ತೋರಿಸಿದರೂ ಆಗುತ್ತದಂತೆ! ಇನ್ನೊಂದು ಮಿಷನ್ನು ಬಂತು, ನಾದಿನಿ ಕಣ್ಣರಳಿಸಿದಳು, ಒಂದೇ ಸಲಕ್ಕೆ ಆಯಿತು. ‘ಬರ್ಕೊಡಿ’ ಎಂಬ ಮಾತಿಗೆ ಎಂಥ ಶಕ್ತಿಯಿದೆ ನೋಡಿ. ಇಲ್ಲ ಅನ್ನುವುದು ಬಾಯಿಗೆ ಬಲು ಸುಲಭ. ಕೈಗೆ ಪೆನ್ನು ಕೊಟ್ಟರೆ ಅದೇ ಬಾಯಿ ‘ಕೂತ್ಕೊಳಿ, ನೋಡೋಣ’ ಅನ್ನುತ್ತದೆ.

ಎರಡನೇ ಟೇಬಲಿನಲ್ಲಿ ಅರ್ಜಿ ತುಂಬುವವರು ಕೇಳಿದರು: ‘ಆರೈಕೆ ಮಾಡೋರು ಯಾರು?’

‘ನಾನೇ.’

‘ನೀವು ಅವ್ರಿಗೆ ಏನಾಗ್ಬೇಕು?’

‘ಶತ್ರು. ಬರ್ಕೊಳಿ.’

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ನಾನು ‘ತಮ್ಮನ ಹೆಂಡತಿ ಸಾರ್’ ಎಂದು ತಿದ್ದಿದೆ. ‘ಎರಡೂ ಒಂದೇ’ ಅಂದಳು ದೊಡ್ಡಮ್ಮ.

ಕಿವಿ ಪರೀಕ್ಷೆಯ ಮೇಡಂ ‘ಸದ್ದು ಕೇಳಿಸಿದಾಗ ಬೆರಳೆತ್ತಿ’ ಅಂದರು. ಅದು ಕೇಳಿಸಿದ್ದರೆ ನಾವ್ಯಾಕೆ ಬರುತ್ತಿದ್ದೆವು? ದೊಡ್ಡಮ್ಮ ಆ ಮಾತನ್ನು ತನ್ನ ಶೈಲಿಯಲ್ಲಿ ಕೂಗಿ ತಲುಪಿಸಿದಳು. ಹೊರಗೆ ಕ್ಯೂನಲ್ಲಿದ್ದವರೆಲ್ಲ ಬೆರಳೆತ್ತಿದರು.

ಅಂತೂ ಮಿಷನ್ನು ಬೇಕು ಎಂದು ಮೇಡಂ ಬರೆದರು. ದೊಡ್ಡಮ್ಮ ಸೀಲು ಬಿದ್ದ ಸ್ವೀಕೃತಿ ಚೀಟಿ ಪಡೆದೇ ಎದ್ದಳು. ಆಮೇಲೆ ಕಾಯುವುದು. ಒಂದು ತಿಂಗಳಾಯಿತು, ನಾಲ್ಕಾಯಿತು. ‘ಗುಬ್ಬಿಯೋರಿಗೆಲ್ಲ ಕೊಟ್ಟಾಯ್ತು’ ಎಂಬ ಸುದ್ದಿ ಬಂದ ದಿನ ಶಿಬಿರ ನಡೆಸಿದ ಗುಬ್ಬಿಯ ಕಚೇರಿಗೆ ಹೋದೆವು. ಗುಮಾಸ್ತರು ಪಟ್ಟಿಯ ಮೇಲೆ ಬೆರಳಾಡಿಸಿ ‘ನಿಮ್ಮ ಹೆಸ್ರಿಲ್ಲಮ್ಮ’ ಅಂದರು. ನಾದಿನಿ ಎಂದಿನಂತೆ ‘ಹೂಂ’ ಎಂದು ನಕ್ಕಳು. ದೊಡ್ಡಮ್ಮ ಚೀಟಿಯನ್ನು ಮೇಜಿನ ಮೇಲಿಟ್ಟಳು.

‘ಇದು ನಿಮ್ಮ ಸೀಲೋ, ನಮ್ಮನೇದೋ?’

‘ನಮ್ದೇ.’

‘ಹಂಗಾದ್ರೆ ಹೆಸ್ರು ಎಲ್ಹೋಯ್ತು? ಹುಡುಕಿ. ಇಲ್ಲ ಬರ್ಕೊಡಿ. ನಾನು ಇಲ್ಲೇ ಕೂತಿರ್ತೀನಿ, ನಂಗೇನೂ ಅವಸರವಿಲ್ಲ. ಮನೇಲಿ ಜಗಳ ಆಡಕ್ಕೂ ಯಾರಿಲ್ಲ.’

ಗುಮಾಸ್ತರು ಪುಟ ಮಗುಚಿದರು. ಇನ್ನೊಂದು ಪಟ್ಟಿ ತೆಗೆದರು. ಇದ್ದಕ್ಕಿದ್ದಂತೆ ಅವರ ಕಿವಿ ಕೆಂಪಾಯಿತು. ‘ಅಮ್ಮಾ… ಗಂಡಸರ ಲಿಸ್ಟಲ್ಲಿ ಸೇರ್ಕೊಂಬಿಟ್ಟಿದಾರೆ.’

‘ತಪ್ಪೇನಿಲ್ಲ ಬುಡಿ. ನಮ್ಮನೇಲಿ ಗಂಡಸು ಅಂತ ಇದ್ದಿದ್ದು ಇವಳೊಬ್ಳೇ.’

ಕಚೇರಿಯೇ ನಕ್ಕಿತು. ಹೆಸರು ತಿದ್ದಿ, ಕುಣಿಗಲ್ಲಿನಲ್ಲಿ ನಡೆಯುವ ಮುಂದಿನ ಶಿಬಿರಕ್ಕೆ ಸೇರಿಸಿದರು. ಅದನ್ನೂ ಬರೆಸಿಕೊಂಡಳೆಂದು ಬೇರೆ ಹೇಳಬೇಕೆ?

ಕುಣಿಗಲ್ಲಿನ ಕಲ್ಯಾಣಮಂಟಪದಲ್ಲಿ ಜಾತ್ರೆಯಷ್ಟು ಜನ. ವೀಲ್‌ಚೇರು, ವಾಕರ್, ಊರುಗೋಲು, ಹಲ್ಲಿನ ಸೆಟ್ಟು! ವೇದಿಕೆಯ ಮೇಲೆ ಒಬ್ಬರು ‘ಹಿರಿಯರು ನಮ್ಮ ಆಸ್ತಿ, ಹಿರಿಯರು ನಮ್ಮ ಆಸ್ತಿ’ ಎಂದು ಭಾಷಣ ಮಾಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಆಸ್ತಿಗಳು ನಿಂತುಕೊಂಡೇ ಇದ್ದವು. ದೊಡ್ಡಮ್ಮ ಕೂಗಿದಳು: ‘ಆಸ್ತಿಗೆ ಮೊದ್ಲು ಕುರ್ಚಿ ಹಾಕ್ಸಿ ಸ್ವಾಮಿ!’ ಮೂರು ವರ್ಷ ನಾದಿನಿಯ ಕಿವಿಯಲ್ಲಿ ಪಳಗಿದ ಗಂಟಲು. ಮೈಕಿಗಿಂತ ಚೆನ್ನಾಗಿ ಕೇಳಿಸಿತು. ಕುರ್ಚಿಗಳು ಬಂದವು.

ಊಟದ ಹೊತ್ತಿಗೆ ಪಲಾವ್ ಪೊಟ್ಟಣ ಹಂಚಿದರು. ಕೈಗೆ ಪಟ್ಟಿ ಕಟ್ಟಿಸಿಕೊಂಡ ಫಲಾನುಭವಿಗಳಿಗೆ ಮಾತ್ರ. ಗಂಡನ ವೀಲ್‌ಚೇರನ್ನು ಬೆಳಗಿನಿಂದ ತಳ್ಳುತ್ತಿದ್ದ ಮುದುಕಿಗಿಲ್ಲ, ಅತ್ತೆಯನ್ನು ಹೊತ್ತು ಮೆಟ್ಟಿಲು ಹತ್ತಿಸಿದ ಸೊಸೆಗಿಲ್ಲ. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡಳು.

‘ತಳ್ಳಿಸ್ಕೊಳೋರಿಗೆ ಊಟ. ತಳ್ಳೋರಿಗೆ ಹೊಟ್ಟೆ ಇಲ್ವಾ?’

‘ಅಮ್ಮಾ, ಲಿಸ್ಟ್ ಪ್ರಕಾರ ಕೊಡ್ತಿದೀವಿ’ ಅಂದ ವ್ಯವಸ್ಥಾಪಕ.

‘ನಿಮ್ಮ ಅರ್ಜೀಲೇ ಆರೈಕೆ ಮಾಡೋರು ಯಾರು ಅಂತ ಕೇಳಿದೀರಲ್ಲ, ಅದೂ ಲಿಸ್ಟೇ! ಅವರ ಹೆಸ್ರು ಬರೆಸ್ಕೊಂಡಿದ್ದು ಯಾಕೆ, ತೋರಣಕ್ಕಾ? ಇವರು ಒಂದಿನ ಮಲಗಿದ್ರೆ ನಿಮ್ಮ ಆಸ್ತಿಗೆ ನೀರು ಕೊಡೋರು ಯಾರು? ಊಟ ಕೊಡಲ್ಲ ಅನ್ನೋದಾದ್ರೆ…’

‘ಬರ್ಕೊಡಿ!’ ಎಂದು ಕಲ್ಯಾಣಮಂಟಪಕ್ಕೆ ಕಲ್ಯಾಣಮಂಟಪವೇ ಕೂಗಿತು. ಬೆಳಗಿನಿಂದ ಹತ್ತು ಕಡೆ ಆಡಿದ್ದ ಆ ಮಾತು ಅವಳ ಬಾಯಿಂದ ಜನರ ಬಾಯಿಗೆ ಯಾವಾಗ ದಾಟಿತೋ ನನಗೆ ಗೊತ್ತಾಗಲಿಲ್ಲ. ಅರ್ಧ ಗಂಟೆಯಲ್ಲಿ ಇನ್ನೊಂದು ಪಾತ್ರೆ ಬಿಸಿ ಬಿಸಿ ಚಿತ್ರಾನ್ನ ಬಂತು. ಪಟ್ಟಿ ಕಟ್ಟಿಕೊಂಡವರಿಗೆ, ಹೊತ್ತುಕೊಂಡವರಿಗೆ, ತಳ್ಳಿಕೊಂಡು ಬಂದವರಿಗೆ, ಎಲ್ಲರಿಗೂ. ವೀಲ್‌ಚೇರು ತಳ್ಳುತ್ತಿದ್ದ ಮುದುಕಿ ಗಂಡನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಯಾರಿಗೂ ತುತ್ತು ಕೊಡದೆ, ಆರಾಮವಾಗಿ ತಾನೇ ಉಣ್ಣುವುದನ್ನು ನೋಡಿದೆ. ಎಷ್ಟು ದಿನವಾಗಿತ್ತೋ ಅವಳು ಹಾಗೆ ಉಂಡು!

ಊಟವಾದ ಮೇಲೆ ನಾದಿನಿಯ ಸರದಿ. ಮೇಡಂ ಮಿಷನ್ನನ್ನು ಕಿವಿಯ ಹಿಂದೆ ಸಿಕ್ಕಿಸಿ, ಸಣ್ಣ ಗುಂಡಿ ತಿರುಗಿಸಿದರು. ನಾದಿನಿ ಬೆಚ್ಚಿದಳು. ಫ್ಯಾನಿನ ಕಡೆ ನೋಡಿದಳು, ಪಾತ್ರೆ ಎಳೆಯುವವರ ಕಡೆ ನೋಡಿದಳು. ದೊಡ್ಡಮ್ಮ ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಶಕ್ತಿಯನ್ನೆಲ್ಲ ಬಿಟ್ಟು ಕೂಗಿದಳು: ‘ಅಕ್ಕಾ! ಕೇಳಿಸ್ತದಾ?’

ನಾದಿನಿ ಕಿವಿ ಮುಚ್ಚಿಕೊಂಡಳು. ‘ಯಾಕೇ ಹಂಗೆ ಕಿರುಚ್ತೀಯ? ನಾನೇನು ಕಿವುಡೀನಾ?’

ದೊಡ್ಡಮ್ಮನ ಮುಖ ನೋಡಬೇಕಿತ್ತು ನೀವು! ಲಾಟರಿ ಹೊಡೆದವರ ಮುಖವೂ ಹಾಗೆ ಅರಳಲಾರದು. ‘ನೋಡ್ದೇನ್ಲಾ? ಬೈದ್ಲು ಕಣೋ, ಬೈದ್ಲು!’ ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಬಸ್ಸಿನಲ್ಲಿ ತುಮಕೂರಿನವರೆಗೆ ಇಬ್ಬರೂ ಜಗಳವಾಡಿದರು. ಮೂರು ವರ್ಷದ ಬಾಕಿ. ಚಿತ್ರಾನ್ನಕ್ಕೆ ಹುಳಿ ಜಾಸ್ತಿಯಾಯಿತೋ ಕಡಿಮೆಯಾಯಿತೋ ಎಂಬುದರಿಂದ ಶುರುವಾಗಿ, ದೊಡ್ಡಮ್ಮನ ಮದುವೆ ಸೀರೆಯ ಅಂಚಿನವರೆಗೆ ಹೋಯಿತು. ಕಂಡಕ್ಟರ್ ಬಂದು ‘ಮೆಲ್ಲಗೆ ಮಾತಾಡಿ’ ಅಂದ. ಇಬ್ಬರೂ ಒಟ್ಟಿಗೆ ಅವನ ಮೇಲೆ ಬಿದ್ದರು!

ಮುಂದಿನ ಭಾನುವಾರ ಬಟವಾಡಿಗೆ ಹೋದೆ. ಬೀದಿಯ ತಿರುವಿಗೇ ಕೇಳಿಸಬೇಕಾದ ಗಲಾಟೆ ಕೇಳಿಸಲಿಲ್ಲ. ಸ್ಕೂಟರನ್ನು ನಿಲ್ಲಿಸಿದವನೇ ಓಡಿದೆ. ಬಾಗಿಲು ಅರ್ಧ ತೆರೆದಿತ್ತು. ಮಂಚದ ಮೇಲೆ ಇಬ್ಬರೂ ಅಕ್ಕಪಕ್ಕ ಕೂತಿದ್ದರು. ದೊಡ್ಡಮ್ಮ ಮಾತಾಡುತ್ತಿದ್ದಳು, ಎಷ್ಟು ಮೆಲ್ಲಗೆ ಎಂದರೆ, ಅದು ಅವಳ ಧ್ವನಿ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು.

‘…ಆಸ್ಪತ್ರೇಲಿ, ಕೊನೇ ದಿನ. ಮಾತು ನಿಲ್ಲೋಕೆ ಮುಂಚೆ ಕಣಕ್ಕ. ನಿನ್ನ ತಮ್ಮ ನನ್ನ ಕೈ ಹಿಡ್ಕೊಂಡು, ಅಕ್ಕ ಊಟ ಮಾಡಿದ್ಲಾ ಅಂತ ಕೇಳಿದ್ರು. ಮಾಡಿದ್ಲು ಅಂದೆ. ಹುಣಸೆಹಣ್ಣಿನ ಕೈಲಿ ತುತ್ತು ಕೊಡ್ತಿದ್ಲು ಕಣೇ, ನಾಲಿಗೇಲಿ ಆ ಹುಳಿ ಇನ್ನೂ ಇದೆ ಅಂದ್ರು. ಅವತ್ತಿಂದ ನಿಂಗೆ ಹೇಳ್ಬೇಕು ಅನ್ಕೊಂಡೇ ಇದ್ದೆ. ಬೀದಿಗೆಲ್ಲ ಕೇಳೋ ಹಂಗೆ, ಇದನ್ನ ಹೆಂಗಕ್ಕ ಕೂಗಿ ಹೇಳ್ಲಿ?’

ನಾದಿನಿ ‘ಹೂಂ’ ಅನ್ನಲಿಲ್ಲ. ಮಿಷನ್ನಿದ್ದ ಕಿವಿಯನ್ನು ಇನ್ನಷ್ಟು ಹತ್ತಿರಕ್ಕೆ ತಂದಳು.

‘ಇನ್ನೊಂದ್ಸಲ ಹೇಳೇ’ ಅಂದಳು.

ನಾನು ಚಪ್ಪಲಿಯ ಸದ್ದಾಗದಂತೆ ಹಿಂದೆ ಸರಿದೆ.