ಮೀನಿನ ಸೈಕಲ್ಲು, ಭಾನುವಾರದ ಕ್ಲಬ್ಬು

"ಸಾರು ಉಕ್ಕೂಕೆ ಬಂತು, ನೋಡ್ಕಳ್ಳಿ."

ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು. ಹೇಳಿ ಒಳಗೆ ಹೋಗಿ ಚಾಪೆ ಮೇಲೆ ಮಲಗಿದಳು. ನಾನು ಸಾರು ನೋಡಿಕೊಂಡೆ. ಒಂದು ಹನಿ ಹೊರಗೆ ಬೀಳಲಿಲ್ಲ. ಅವಳನ್ನು ನೋಡಿಕೊಳ್ಳಲಿಲ್ಲ. ಊಟಕ್ಕೆ ಕರೆಯಲು ಹೋದಾಗ ಎಲ್ಲ ಮುಗಿದಿತ್ತು.

ಇದನ್ನು ಬರೆದ ಮೇಲೆ ನಗುವ ಸಂಗತಿ ಬರೆಯೂದು ಹೇಗೆ ಅಂತ ಕೇಳಬಹುದು. ನನಗೂ ಗೊತ್ತಿಲ್ಲ. ಆದರೆ ನಾನು ಸುಮ್ಮನೆ ಕೂತರೂ ನಗುವಂಥದ್ದು ಏನಾದರೊಂದು ನನ್ನನ್ನು ಹುಡುಕಿಕೊಂಡು ಬರುತ್ತದೆ. ಹನ್ನೆರಡನೇ ದಿನದ ಊಟಕ್ಕೆ ಬಂದ ಭಟ್ಟರ ಚಪ್ಪಲಿಯನ್ನು ನಾಯಿ ಕಚ್ಚಿಕೊಂಡು ಹೋಯಿತು. ಪಾಪ, ಅವರು ನನ್ನ ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು. ಅವಳಿದ್ದಿದ್ದರೆ ಮೊದಲು ನಗುತ್ತಿದ್ದವಳು ಅವಳೇ.

ನಾನು ಮೀನು ಮಾರುವವ. ಕಲಿತದ್ದು ನಾಲ್ಕನೇ ಇಯತ್ತೆ. ಮೂವತ್ತು ವರ್ಷ ಕಾರವಾರದ ಬಂದರಿನಿಂದ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿ ಮನೆ ಮನೆಗೆ ಮೀನು ಒಯ್ದೆ. ವಾರದ ದಿನ ಒಬ್ಬನೇ. ಭಾನುವಾರ ಮಾತ್ರ ಅವಳೂ ಬರುತ್ತಿದ್ದಳು. ಆಫೀಸಿನವರ ಮನೆಯಲ್ಲಿ ಮೀನು ಬೇಕು, ಕೊಯ್ಯಲು ಬರುವುದಿಲ್ಲ. ಹಬ್ಬುವಾಡದಲ್ಲಿ ಒಂದು ಗೇಟಿನ ಬದಿಯಲ್ಲಿ ಅವಳು ಕತ್ತಿ ಇಟ್ಟುಕೊಂಡು ಕೂರುವಳು. ನಾನು ತೂಗಿ ಕೊಡುವೆ, ಅವಳು ಕೊಯ್ದು ಕೊಡುವಳು.

ಅವಳು ಹೋದ ಮೇಲೆ ಸೋಮವಾರದಿಂದ ಶನಿವಾರದವರೆಗೆ ಹೇಗೋ ನಡೆಯಿತು. ಭಾನುವಾರ ನಡೆಯಲಿಲ್ಲ. ಮನೆಯಲ್ಲಿ ಕೂತು ಗೋಡೆ ನೋಡುವುದು. ಗೋಡೆಯೂ ನನ್ನನ್ನೇ ನೋಡುವುದು. ನಾಲ್ಕು ತಿಂಗಳು ಹೀಗೇ ಹೋಯಿತು.

ಭಾರ

ಹಬ್ಬುವಾಡದ ಡಾಕ್ಟರು ನನ್ನ ಹಳೇ ಗಿರಾಕಿ. ಅವರು ಒಂದು ಸೈಕಲ್ ಕ್ಲಬ್ಬು ಮಾಡಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟು ಅಂಕೋಲೆಗೋ ಕದ್ರಾಕ್ಕೋ ಹೋಗಿ ಬರುವುದು. ಹತ್ತು ಹನ್ನೆರಡು ಜನ. ಎಲ್ಲ ದೊಡ್ಡ ನೌಕರಿಯವರು.

"ಭಾನುವಾರ ನೀನೂ ಬಾ ಮಾರಾಯ" ಅಂದರು ಡಾಕ್ಟರು.

"ಎಂತ ತರೂದು ಸಾಹೇಬ್ರೆ?"

"ಎಂತದೂ ತರೂದು ಬೇಡ. ಸುಮ್ನೆ ಸೈಕಲ್ ಹೊಡಿಯೂದು."

"ಸುಮ್ನೆ?"

"ಸುಮ್ನೆ."

ಏನೂ ಮಾರದೆ ಎಪ್ಪತ್ತು ಕಿಲೋಮೀಟರ್ ಹೋಗಿ ಬರುವವರು ಇದ್ದಾರೆಂದು ನನಗೆ ಅವತ್ತೇ ತಿಳಿದದ್ದು.

ಭಾನುವಾರ ಖಾಲಿ ಪೆಟ್ಟಿಗೆ ಕಟ್ಟಿ, ಸೈಕಲ್ಲು ತಳ್ಳಿಕೊಂಡು ಹೋದೆ. ಡಾಕ್ಟರ ಗೇಟಿನ ಮುಂದೆ ಹತ್ತಿದೆ. ಬಿದ್ದೆ. ಮತ್ತೆ ಹತ್ತಿದೆ. ಮತ್ತೆ ಬಿದ್ದೆ. ಮೂವತ್ತು ವರ್ಷ ನನ್ನ ಬೆನ್ನ ಹಿಂದೆ ನಲವತ್ತು ಕಿಲೋ ಮೀನು, ಅದರ ಮೇಲೆ ಬರ್ಫ. ಅಷ್ಟು ಭಾರ ಹಿಂದೆ ಎಳೆಯದಿದ್ದರೆ ನನಗೆ ಹ್ಯಾಂಡಲ್ ಸೀದಾ ನಿಲ್ಲುವುದಿಲ್ಲ. ಡಾಕ್ಟರ ಕಂಪೌಂಡಿನಲ್ಲಿ ಕೆಂಪು ಕಲ್ಲು ಇತ್ತು. ಎರಡು ಎತ್ತಿ ಪೆಟ್ಟಿಗೆಗೆ ಹಾಕಿದೆ. ಈಗ ಸೈಕಲ್ಲು ಮಾತು ಕೇಳಿತು.

ಕ್ಲಬ್ಬಿನ ಕ್ಯಾಪ್ಟನ್ ಅಂತ ಒಬ್ಬರಿದ್ದರು. ಕೈಗಾ ಅಣುಸ್ಥಾವರದ ಬಸ್ಸಿಗೆ ಕೆಲಸಕ್ಕೆ ಹೋಗುವ ಇಂಜಿನಿಯರು. ತಮ್ಮ ಸೈಕಲ್ಲಿನ ಭಾರ ಕಡಿಮೆ ಮಾಡಲು ಅವರು ಬೆಲ್ಲು ಬಿಚ್ಚಿದ್ದರು, ಸ್ಟ್ಯಾಂಡು ಬಿಚ್ಚಿದ್ದರು, ನೀರಿನ ಬಾಟಲಿ ಸಣ್ಣದು ಮಾಡಿದ್ದರು. ಅವರು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು.

"ಇದೇನು?"

"ಕಲ್ಲು."

"ಯಾಕೆ?"

"ಸಲೀಸಾಗಿ ಹೋಗೂಕೆ."

ಅವರು ತಮ್ಮ ಸೈಕಲ್ಲು ನೋಡಿದರು. ನನ್ನದು ನೋಡಿದರು. ಅವತ್ತು ಅಂಕೋಲೆವರೆಗೂ ಅವರು ತಿರುಗಿ ತಿರುಗಿ ನನ್ನ ಪೆಟ್ಟಿಗೆ ನೋಡುತ್ತಲೇ ಇದ್ದರು.

ಚಡ್ಡಿ

ಎರಡನೇ ವಾರ ಡಾಕ್ಟರು ಒಂದು ಕಪ್ಪು ಚಡ್ಡಿ ಕೊಟ್ಟರು. ಮೈಗೆ ಅಂಟುವಂಥದ್ದು. ಒಳಗೆ ಒಂದು ಮೆತ್ತೆ. ಮೆತ್ತೆ ಯಾವ ಬದಿಗೆ ಬರಬೇಕು ಅಂತ ಅವರು ಹೇಳಲಿಲ್ಲ. ನಾನು ಕೇಳಲಿಲ್ಲ.

ಮನೆಯಿಂದ ಹೊರಟೆ. ನೆರೆಮನೆಯ ಹೆಂಗಸು ನೀರು ತುಂಬುತ್ತಿದ್ದಳು. ಕೊಡ ತುಂಬಿ ಹರಿಯಿತು. ಅವಳು ನಲ್ಲಿ ನಿಲ್ಲಿಸಲಿಲ್ಲ.

"ದಾದಾ" ಅಂದಳು, "ಹೊಟ್ಟೆ ಕೆಳಗೆ ಬಾವು ಬಂದದ್ಯಾ? ಡಾಕ್ಟರ ಮನಿಗೇ ಹೋಗೂದಾದ್ರೆ ಬೇಗ ಹೋಗಿ."

ಪೋಂ ಪೋಂ

ಕ್ಯಾಪ್ಟನ್ ಬಳಿ ಒಂದು ವಹಿ ಇತ್ತು. ಯಾರು ಎಷ್ಟು ಹೊತ್ತಿಗೆ ಬಂದರು, ಎಲ್ಲಿ ತಡ ಆಯಿತು, ಯಾಕೆ ತಡ ಆಯಿತು, ಎಲ್ಲ ಅದರಲ್ಲಿ. ಮೂರು ಸಲ ತಡ ಮಾಡಿದವನ ಹೆಸರು ಹೊಡೆದು ಹಾಕುವುದು ನಿಯಮ. ಆಮೇಲೆ ಅವನನ್ನು ಕರೆಯುವುದಿಲ್ಲ.

ಉಳಿದವರಿಗೆ ಅದು ಆಟ. ಹೆಸರು ಹೋದರೆ ಭಾನುವಾರ ಮನೆಯಲ್ಲಿ ಮಲಗಬಹುದು. ನನಗೆ ಹಾಗಲ್ಲ. ನನಗೆ ಆ ಗೋಡೆ ಇತ್ತು. ಹಾಗಾಗಿ ನಾನು ಐದೂವರೆಗೆ ಬರಬೇಕಾದಲ್ಲಿ ನಾಲ್ಕೂವರೆಗೆ ಬಂದು ಗೇಟಿನ ಮುಂದೆ ನಿಲ್ಲುತ್ತಿದ್ದೆ.

ಆದರೂ ತಡ ಆಯಿತು. ಮೂರನೇ ವಾರ ಹಬ್ಬುವಾಡದ ಓಣಿಯಲ್ಲಿ ಸಾಲಾಗಿ ಹೊರಟಿದ್ದೆವು. ನಾನು ಮುಂದೆ. ಓಣಿ ತಿರುಗಿದ ಕೂಡಲೇ ನನ್ನ ಕೈ ಹಾರ್ನಿನ ರಬ್ಬರು ಹಿಚುಕಿತು. ಪೋಂ ಪೋಂ. ನಾನು ಹಿಚುಕಲಿಲ್ಲ. ಕೈ ಹಿಚುಕಿತು. ಮೂವತ್ತು ವರ್ಷ ಆ ತಿರುವಿನಲ್ಲಿ ಅದು ಮಾಡಿದ ಕೆಲಸ.

ಬಾಗಿಲುಗಳು ತೆರೆದವು. ಲೈಟು ಹತ್ತಿದವು. ಪಾತ್ರೆ ಹಿಡಿದು ಹೆಂಗಸರು ಬಂದರು. ಆ ಓಣಿಗೆ ನಾನು ಹೋಗುತ್ತಿದ್ದದ್ದು ಭಾನುವಾರ ಮಾತ್ರ. ನಾಲ್ಕು ತಿಂಗಳಿಂದ ಹೋಗಿರಲಿಲ್ಲ ನೋಡಿ, ಸಿಟ್ಟೂ ಇತ್ತು.

"ಎಲ್ಲಿ ಸತ್ತಿದ್ಯಾ ಇಷ್ಟು ದಿನ? ಬಂಗಡೆ ಅದ್ಯಾ?"

"ಇಲ್ಲ ಬಾಯಿ. ಸುಮ್ನೆ ಹೊಂಟದ್ದು."

"ಸುಮ್ನೆ ಎಂತಕ್ಕೆ ಹೋಗ್ತೆ? ಇವರೆಲ್ಲ ಯಾರು? ಹೊಸ ಮೀನಿನವ್ರ್ಯಾ?"

ಒಬ್ಬಳು ಕ್ಯಾಪ್ಟನ್ ಸೈಕಲ್ಲಿನ ಹ್ಯಾಂಡಲ್ ಹಿಡಿದಳು. ಸೀಟಿನ ಕೆಳಗಿನ ಸಣ್ಣ ಚೀಲ ತೋರಿಸಿ, "ಇದರಲ್ಲಿ ಎಂತದದೆ, ತೆಗಿ" ಅಂದಳು. ಕ್ಯಾಪ್ಟನ್ ಮನೆಯಲ್ಲಿ ಮೀನು ಮುಟ್ಟುವವರಿಲ್ಲ. ಆದರೂ ಚೀಲ ಬಿಚ್ಚಿ ತೆಗೆದರು. ಎರಡು ಬಾಳೆಹಣ್ಣು.

ಅವಳು ಹಣ್ಣು ಒತ್ತಿ ನೋಡಿದಳು. "ತಾಜಾ ಇಲ್ಲ" ಅಂತ ಹೇಳಿ ಒಳಗೆ ಹೋದಳು.

ವಹಿಯಲ್ಲಿ ನನ್ನ ಹೆಸರಿನ ಎದುರು ಬಿತ್ತು: ಇಪ್ಪತ್ತು ನಿಮಿಷ. ಕಾರಣ: ಮೀನು ಇರಲಿಲ್ಲ.

ಅಂಕೋಲೆಯಲ್ಲಿ ನಲವತ್ತು ನಿಮಿಷ

ಅಂಕೋಲೆ ನನ್ನ ಹೆಂಡತಿಯ ತವರು. ಅವಳು ಹೋದ ಮೇಲೆ ನಾನು ಆ ಮನೆಯ ಕಡೆ ಕಾಲು ಹಾಕಿರಲಿಲ್ಲ. ಕ್ಲಬ್ಬಿನವರ ಜೊತೆ ಹೋದಾಗಲೂ ಮೀನುಪೇಟೆಯ ರಸ್ತೆ ತಪ್ಪಿಸಿ, ಹೆದ್ದಾರಿಯ ಬದಿಯಲ್ಲೇ ಚಾ ಕುಡಿದು ತಿರುಗುತ್ತಿದ್ದೆ. ಒಂದು ಭಾನುವಾರ ಆ ಚಾ ಅಂಗಡಿ ಮುಚ್ಚಿತ್ತು. ಕ್ಯಾಪ್ಟನ್ ಪೇಟೆಯೊಳಗೆ ನಡೆಸಿದರು. ಸೀದಾ ಮೀನುಪೇಟೆ.

ಹೆಂಡತಿಯ ಅಣ್ಣನ ಹೆಂಡತಿ, ನನ್ನ ವೈನಿ, ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ನಮ್ಮಲ್ಲಿ ಒಂದು ರೀತಿ ಇದೆ. ದಿನ ಕಾರ್ಯ ಎಲ್ಲ ಮುಗಿದ ಮೇಲೆ ಸಾವಾದ ಮನೆಯವರು ಮೊದಲ ಸಲ ಎದುರಾದರೆ ಹೆಂಗಸರು ಹಿಡಿದುಕೊಂಡು ಅಳಬೇಕು. ಪೇಟೆ ಇರಲಿ, ಬಸ್ ಸ್ಟ್ಯಾಂಡ್ ಇರಲಿ.

"ಒಬ್ಬನೇ ಬಂದ್ಯಾ ಭಾವಾ... ಅವಳನ್ನ ಎಲ್ಲಿ ಬಿಟ್ಟಿಕ್ಕಿ ಬಂದೆ ಭಾವಾ..."

ವೈನಿ ತೆಗೆದ ಸ್ವರಕ್ಕೆ ಇಡೀ ಪೇಟೆಯ ಹೆಂಗಸರು ಬುಟ್ಟಿ ಬಿಟ್ಟು ಬಂದರು. ಎಲ್ಲರೂ ನನ್ನ ಹೆಂಡತಿಯನ್ನು ಸಣ್ಣವಳಿದ್ದಾಗ ಆಡಿಸಿದವರು. ನನ್ನ ಸುತ್ತ ಜಾಗ ಸಾಲಲಿಲ್ಲ. ಉಳಿದವರು ಸಿಕ್ಕಿದವರನ್ನು ಹಿಡಿದು ಅಳತೊಡಗಿದರು. ಡಾಕ್ಟರನ್ನು ಇಬ್ಬರು ಹಿಡಿದರು. ಕ್ಲಬ್ಬಿನ ಬ್ಯಾಂಕ್ ನೌಕರರೊಬ್ಬರನ್ನು ಮೂವರು. ಹೆಲ್ಮೆಟ್ಟು ಹಾಕಿದ ತಲೆಗಳು ಹೆಂಗಸರ ಹೆಗಲ ಮೇಲೆ.

ಒಬ್ಬಳು ಮುದುಕಿ ಕ್ಯಾಪ್ಟನ್ನನ್ನು ಅಪ್ಪಿಕೊಂಡಿದ್ದಳು. ಅಳು ನಿಲ್ಲಿಸಿ ಮುಖ ನೋಡಿದಳು.

"ನೀ ಯಾರ ಮಗ?"

"ನಾನು ಸೈಕಲ್ಲಿನವನು ಅಜ್ಜಿ."

"ಸೈಕಲ್ಲಿನವನಿಗೆ ಕಣ್ಣಲ್ಲಿ ನೀರಿಲ್ಲೆ? ಎಂಥಾ ಗಂಡಸಾ ನೀನು?"

ಅಷ್ಟು ಹೇಳಿ ಮತ್ತೆ ಅಪ್ಪಿಕೊಂಡಳು. ಕ್ಯಾಪ್ಟನ್ ಅತ್ತರು. ಸುಮ್ಮನೆ ಅಲ್ಲ, ಸಮಾ ಅತ್ತರು. ಅಪ್ಪ ಹೋದಾಗ ಅವರಿಗೆ ರಜೆ ಇದ್ದದ್ದು ನಾಲ್ಕೇ ದಿನವಂತೆ. ಅಳಲು ಹೊತ್ತು ಸಿಕ್ಕಿರಲಿಲ್ಲವಂತೆ. ಇದು ಅವರು ಆಮೇಲೆ ಹೇಳಿದ್ದು.

ಅವತ್ತು ಅಳದವ ನಾನೊಬ್ಬನೇ. ಕ್ಲಬ್ಬಿನವರ ಸೈಕಲ್ಲುಗಳಿಗೆ ಸ್ಟ್ಯಾಂಡ್ ಇರಲಿಲ್ಲ. ಎಲ್ಲರೂ ನನ್ನ ಮೈಮೇಲೆ ಒರಗಿಸಿ ಹೋಗಿದ್ದರು. ಅಲುಗಾಡಿದರೆ ಹತ್ತೂ ಬೀಳುತ್ತಿದ್ದವು.

ಕಾರವಾರಕ್ಕೆ ಬಂದು ಕ್ಯಾಪ್ಟನ್ ವಹಿ ತೆಗೆದರು. ನಿಯಮ ನಿಯಮವೇ. ನಲವತ್ತು ನಿಮಿಷ. ಕಾರಣ: ಅಳು.

ಡಾಕ್ಟರು ಬಗ್ಗಿ ಓದಿ, "ಯಾರದ್ದು ಅಂತ ಬರೀಲಿಲ್ಲ" ಅಂದರು.

ಕ್ಯಾಪ್ಟನ್ ಕನ್ನಡಕ ಒರೆಸಿಕೊಂಡು ಬರೆದರು: ಎಲ್ಲರದ್ದು.

ಆದರೂ ಗುರುತು ಬಿದ್ದದ್ದು ನನ್ನ ಹೆಸರಿಗೇ.

ಹೊನ್ನಾವರ ಮುಟ್ಟಿ ಬಂದದ್ದು

ಎರಡು ಗುರುತು ಆಗಿತ್ತು. ಇನ್ನೊಂದು ಬಿದ್ದರೆ ಹೆಸರು ಹೋಯಿತು.

ಆಗ ಬಂತು ದೊಡ್ಡ ಸವಾರಿ. ಬೆಳಗಿನ ಜಾವ ಮೂರಕ್ಕೆ ಕಾರವಾರದಿಂದ ಹೊರಟು ಹೊನ್ನಾವರದ ಸೇತುವೆ ಮುಟ್ಟಿ, ಸಂಜೆ ಆರರೊಳಗೆ ಡಾಕ್ಟರ ಗೇಟಿಗೆ ವಾಪಸ್. ಕ್ಯಾಪ್ಟನ್ ನಿಯಮ ಓದಿದರು. ಒಂದು, ತಡ ಆಗಬಾರದು. ಎರಡು, ದಾರಿಯಲ್ಲಿ ಯಾರ ಸಹಾಯವನ್ನೂ ಪಡೆಯಬಾರದು. ಪಡೆದವರ ಹೆಸರು ಆ ಸವಾರಿಯಿಂದ ಹೋಗುತ್ತದೆ. ಓದಿ ನನ್ನ ಕಡೆ ನೋಡಿದರು. "ಬೇಕಾದರೆ ಈ ಸಲ ಬಿಡಿ" ಅಂದರು. ಕೆಟ್ಟ ಮನಸ್ಸಿನಿಂದಲ್ಲ.

"ಬಿಡೂದಿಲ್ಲ" ಅಂದೆ.

ಹಾರ್ನ್ ಬಿಚ್ಚಿ ಮನೆಯಲ್ಲಿಟ್ಟು ಹೋದೆ. ಮೀನುಪೇಟೆಯ ಬದಿಗೆ ತಿರುಗಲಿಲ್ಲ. ಬೇರೆಯವರು ನಿಂತಲ್ಲಿ ನಾನು ನಿಲ್ಲಲಿಲ್ಲ. ನನ್ನದು ನಿಧಾನ, ಆದರೆ ನಿಲ್ಲದ ನಿಧಾನ. ಹೊನ್ನಾವರ ಮುಟ್ಟಿದೆ. ತಿರುಗಿದೆ. ಅಮದಳ್ಳಿಗೆ ಬರುವಾಗ ಗಂಟೆ ನಾಲ್ಕೂವರೆ. ಹೊತ್ತು ಬೇಕಾದಷ್ಟಿತ್ತು.

ಅಲ್ಲಿ ರಸ್ತೆ ಬದಿಯಲ್ಲಿ ಕ್ಯಾಪ್ಟನ್ ಕೂತಿದ್ದರು. ಹಿಂದಿನ ಗೇರು ಮುರಿದು ಚಕ್ರದೊಳಗೆ ಹೋಗಿತ್ತು. ಅವರ ಎರಡೂ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡಿದ್ದವು. ಉಳಿದವರು ಯಾವಾಗಲೋ ಮುಂದೆ ಹೋಗಿದ್ದರು. ಮೊಬೈಲು ತೆಗೆದು ನೋಡುತ್ತಿದ್ದರು, ಅದೂ ಸತ್ತಿತ್ತು.

"ನೀವು ಹೋಗಿ" ಅಂದರು. "ನಿಮಗೆ ತಡ ಆದ್ರೆ ನಾನೇ ಹೆಸರು ಹೊಡೀಬೇಕಾಗ್ತದೆ."

ನಾನು ಇಳಿದೆ. ಪೆಟ್ಟಿಗೆಯಿಂದ ಕಲ್ಲು ಎರಡೂ ತೆಗೆದು ರಸ್ತೆ ಬದಿಗೆ ಇಟ್ಟೆ. ಪೆಟ್ಟಿಗೆಯ ಮುಚ್ಚಳ ಹಾಕಿ, ಹಗ್ಗ ಬಿಗಿ ಮಾಡಿದೆ.

"ಹತ್ತಿ."

"ಎಲ್ಲಿಗೆ?"

"ಪೆಟ್ಟಿಗಿ ಮೇಲೆ."

"ಅದು ಮೀನಿನ..."

"ಹೌದು. ಹತ್ತಿ."

ಹತ್ತಿದರು. ಅವರ ಸೈಕಲ್ಲನ್ನು ಅವರ ಹೆಗಲಿಗೇ ಹಾಕಿದೆ. ಹಗುರ ಇತ್ತು, ಅದಕ್ಕಾಗಿಯೇ ಅಷ್ಟು ಕಷ್ಟಪಟ್ಟಿದ್ದರಲ್ಲ.

ಬಿಣಗಾ ಘಟ್ಟದ ಏರು ಬಂತು. ಇಳಿದು ತಳ್ಳತೊಡಗಿದೆ. ಕ್ಯಾಪ್ಟನ್ನಿಗೆ ನಾಚಿಕೆ ಆಯಿತು. "ನಾನೂ ಇಳೀತೇನೆ" ಅಂದರು.

"ಮೂವತ್ತು ವರ್ಷ ತಳ್ಳಿದ್ದೆ" ಅಂದೆ. "ಒಂದು ಮೀನೂ ಇಳಿದು ನಡೀಲಿಲ್ಲ. ಕೂತ್ಕಳ್ಳಿ."

ಘಟ್ಟ ಇಳಿದು ಬೈತಖೋಲ್ ಬಂತು. ನನ್ನ ಮನೆ ಅಲ್ಲೇ. ನೆರೆಮನೆಯ ಆ ಹೆಂಗಸು ರಸ್ತೆಯಲ್ಲೇ ಸಿಕ್ಕಿದಳು.

"ದಾದಾ, ಇವತ್ತು ಎಂತ ಇಷ್ಟು ದೊಡ್ಡದು ಸಿಕ್ತು? ಕನ್ನಡಕ ಬೇರೆ ಹಾಕ್ಕಂಡದೆ!"

"ಮಾರೂಕಲ್ಲ ಬಾಯಿ. ವಾಪಸ್ ಕೊಡೂಕೆ."

ಪೆಟ್ಟಿಗೆಗೆ ಬಿಸಿಲು ತಾಗಿ ಹಳೇ ಮೀನುನೀರಿನ ವಾಸನೆಯೆಲ್ಲ ಎದ್ದಿತ್ತು. ಬಂದರಿನ ಬೆಕ್ಕುಗಳು ಹಿಂದೆ ಬಿದ್ದವು. ಮೊದಲು ಎರಡು, ಆಮೇಲೆ ಐದು. ಕ್ಯಾಪ್ಟನ್ "ಹುಶ್ ಹುಶ್" ಅನ್ನುತ್ತಿದ್ದರು. ಹೆಗಲ ಮೇಲೆ ಸೈಕಲ್ಲು ಇದ್ದವರು ಕೈ ಬೀಸಲು ಆಗುವುದಿಲ್ಲ. ಡಾಕ್ಟರ ಗೇಟು ಮುಟ್ಟುವಾಗ ಕ್ಲಬ್ಬಿನವರೆಲ್ಲ ಸಾಲಾಗಿ ನಿಂತಿದ್ದರು. ಮೊದಲು ನನ್ನ ಸೈಕಲ್ಲು ಬಂತು, ಹಿಂದೆ ಒಂದು ಬೆಕ್ಕು. ಅದು ಹಬ್ಬುವಾಡದವರೆಗೂ ಬಿಟ್ಟಿರಲಿಲ್ಲ.

ಗಂಟೆ ಆರಕ್ಕೆ ಎಂಟು ನಿಮಿಷ ಇತ್ತು.

ಯಾರೂ ನಗಲಿಲ್ಲ. ಎಲ್ಲರೂ ವಹಿಯ ಕಡೆ ನೋಡಿದರು. ಕ್ಯಾಪ್ಟನ್ ಪೆಟ್ಟಿಗೆಯಿಂದ ಇಳಿದರು. ಎರಡನೇ ನಿಯಮ ತಾವೇ ಗಟ್ಟಿಯಾಗಿ ಓದಿದರು. ಸಹಾಯ ಪಡೆದವರ ಹೆಸರು ಹೋಗುತ್ತದೆ ಅಂತ ಇತ್ತು. ಸಹಾಯ ಕೊಟ್ಟವರ ಬಗ್ಗೆ ಏನೂ ಇರಲಿಲ್ಲ. ಪುಟ ತಿರುಗಿಸಿಯೂ ನೋಡಿದರು. ಅಲ್ಲಿಯೂ ಇರಲಿಲ್ಲ.

ನನ್ನ ಹೆಸರಿನ ಮುಂದೆ ಬರೆದರು: ಸಮಯಕ್ಕೆ ಸರಿಯಾಗಿ.

ಆಮೇಲೆ ತಮ್ಮ ಹೆಸರಿನ ಮೇಲೆ ಗೀಟು ಎಳೆದರು. ಕಾರಣ: ಮೀನಿನ ಪೆಟ್ಟಿಗೆ.

ಆಗ ನಕ್ಕರು ಎಲ್ಲರೂ. ಡಾಕ್ಟರು ನೆಲದ ಮೇಲೆ ಕೂತು ನಕ್ಕರು. ನಾನೂ ನಕ್ಕೆ. ನನ್ನ ನಗು ನನಗೇ ಕೇಳಿ, ಯಾರದ್ದು ಅಂತ ಒಂದು ಸಲ ತಿರುಗಿ ನೋಡಿದೆ.

"ಬರುವ ಭಾನುವಾರ ಐದೂವರೆಗೆ" ಅಂದರು ಕ್ಯಾಪ್ಟನ್ ನನಗೆ. "ನಾಲ್ಕೂವರೆಗೆ ಬಂದು ನಿಲ್ಲೂದು ಬೇಡ. ನಾಯಿ ಕೂಗ್ತದೆ."

ಮರುದಿನ ಸೋಮವಾರ. ಸೋಮವಾರ ಮೀನು ತಿನ್ನದವರೇ ಜಾಸ್ತಿ, ನನಗೆ ಕೆಲಸ ಕಡಿಮೆ. ಒಂದು ಮುಷ್ಟಿ ಹುಣಸೆಹುಳಿ ಕಟ್ಟಿಕೊಂಡು ಕ್ಯಾಪ್ಟನ್ ಮನೆಗೆ ಹೋದೆ. ಪೆಟ್ಟಿಗೆ ಮೇಲೆ ಕೂತು ವಾಸನೆ ಹಿಡಿದ ಅವರ ಚಡ್ಡಿಯನ್ನು ಅವರ ತಾಯಿ ಒಳಗೆ ತರಲು ಬಿಟ್ಟಿರಲಿಲ್ಲ. ಗೇಟಿನ ಹೊರಗೆ ಕೋಲಿಗೆ ಸಿಕ್ಕಿಸಿ ಇಟ್ಟಿದ್ದರು. ಮೀನಿನ ವಾಸನೆ ಸೋಪಿಗೆ ಹೋಗುವುದಿಲ್ಲ, ಹುಳಿಗೆ ಹೋಗುತ್ತದೆ. ಅವರ ಬಾವಿಕಟ್ಟೆಯ ಹೊರಗೆ ಕೂತು ಹುಳಿ ಹಾಕಿ ತಿಕ್ಕಿದೆ. ಮೂರು ನೀರು ತೆಗೆದೆ. ಹಿಂಡಿ ಕೊಡವಿ, ಮೆತ್ತೆ ಸರಿಯಾದ ಬದಿಗೆ ಮಾಡಿ ಹಗ್ಗಕ್ಕೆ ಹಾಕಿದೆ. ತಾಯಿ ಕಿಟಕಿಯಿಂದ ಮೂಗು ಹಾಕಿ ನೋಡಿ, "ಒಳಗೆ ಬಾ, ದೋಸೆ ತಣೀತದೆ" ಅಂದರು. ಕೈ ತೊಳೆದುಕೊಂಡು ಒಳಗೆ ಹೋಗಿ ಕೂತೆ. ಆರು ತಿಂದೆ.