ಹಡಗಿನಲ್ಲಿ ಕೇಳಬೇಕಿದ್ದ ಮಾತು

ನಾವು ಮೂವರು ಎಲ್ಲಿಗೆ ಕೂಡಿ ಹೊರಟರೂ ಅಲ್ಲಿ ಮುಟ್ಟುವಷ್ಟರಲ್ಲಿ ಒಬ್ಬೊಬ್ಬರೇ ಆಗಿರುತ್ತೇವೆ. ಊರು ಸಣ್ಣದಿದ್ದರೆ ಬೇಗ ಸಿಗುತ್ತೇವೆ, ಅಷ್ಟೇ. ಈ ಸಲ ಹೋದದ್ದು ಹದಿಮೂರು ಮಹಡಿಯ ಹಡಗಿಗೆ.

೧. ಹೂಂ

ಜೇವರ್ಗಿಯ ಕಾಲೇಜಿನಲ್ಲಿ ಪಾಠ ಹೇಳುವುದು ನನ್ನ ಕೆಲಸ. ಮಾತೆಲ್ಲ ಅಲ್ಲೇ ಖರ್ಚಾಗಿ ಮನೆಗೆ ‘ಹೂಂ’ ಒಂದೇ ಉಳಿಯುತ್ತದೆ. ನಮ್ಮ ಕಡೆ ಎದುರಿನವರು ಮಾತಾಡುವಾಗ ಹೂಂಗುಟ್ಟದಿದ್ದರೆ ಸೊಕ್ಕು ಎನ್ನುತ್ತಾರೆ. ಮಗಳನ್ನು ನೋಡಿಹೋಗಿದ್ದ ಅಫಜಲಪುರದವರು ಫೋನ್ ಮಾಡಿದಾಗಲೂ, ಕೇಳುತ್ತಿದ್ದೇನೆ ಎಂಬ ಅರ್ಥದಲ್ಲಿ ಹೂಂಗುಟ್ಟುತ್ತ ಹೋದೆ. ಹುಡುಗ ಬ್ಯಾಂಕಿನಲ್ಲಿದ್ದಾನೆ, ಹೂಂ. ಮನೆಯವರಿಗೆಲ್ಲ ಹುಡುಗಿ ಹಿಡಿಸಿದ್ದಾಳೆ, ಹೂಂ. ಬರುವ ಸೋಮವಾರವೇ ನಿಶ್ಚಿತಾರ್ಥದ ಸಕ್ಕರಿ ಪುಡಿಯ ಶಾಸ್ತ್ರ ಮುಗಿಸಿ ಲಗ್ನ ನಿಕ್ಕಿ ಮಾಡೋಣ, ಹೂಂ.

ಏನಂದರು ಎಂದು ಹೆಂಡತಿ ಕೇಳಿದಳು. ಇನ್ನೂ ಏನೂ ಆಗಿಲ್ಲ, ಅವರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ ಎಂದೆ. ಅಷ್ಟರಲ್ಲಿ ಖಜೂರಿಯಿಂದ ನನ್ನ ಅತ್ತೆ ಫೋನ್ ಮಾಡಿ, ಸೋಮವಾರ ಯಾವ ಸೀರೆ ಉಡಲಿ ಎಂದು ವಿಚಾರಿಸಿದರು.

ಶಾಸ್ತ್ರ ಆಯಿತು. ಮಗಳು ಬೇಕೆನ್ನಲಿಲ್ಲ, ಬೇಡವೆನ್ನಲಿಲ್ಲ. ಅವಳನ್ನು ಕೇಳಿದವರೂ ಇಲ್ಲ. ಲಗ್ನಕ್ಕೆ ಎರಡು ತಿಂಗಳಿತ್ತು. ಒಂದು ಸಲ ಎದುರು ಕೂಡಿಸಿಕೊಂಡು ಕೇಳಬೇಕು, ಒಲ್ಲೆ ಅಂದರೆ ಅಫಜಲಪುರಕ್ಕೆ ಹೋಗಿ ತಲೆ ತಗ್ಗಿಸಿ ಹೇಳಿಬರಬೇಕು ಎಂದುಕೊಂಡೆ. ಮನೆಯಲ್ಲಿ ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ಅವಳು ನೀರು ತರಲು ಎದ್ದು ಹೋಗುತ್ತಿದ್ದಳು. ಮುಂಬಯಿಯಿಂದ ಹೊರಡುವ ದೊಡ್ಡ ಹಡಗಿನ ಜಾಹೀರಾತು ನೋಡಿದೆ. ನಡುನೀರಿನಲ್ಲಿ ಯಾರೂ ಎದ್ದು ಹೋಗಲಾರರು ಎಂದು ಮೂವರ ಹೆಸರು ಬರೆಸಿದೆ.

೨. ಬಿಳಿ ಗಟ್ಟಿ

ಬಂದರಿನ ತಪಾಸಣೆಯಲ್ಲಿ ಹೆಂಡತಿಯ ಚೀಲ ನಿಂತಿತು. ಸಜ್ಜಿ ರೊಟ್ಟಿ, ಅದಕ್ಕೆ ಹಚ್ಚಿಕೊಂಡು ತಿನ್ನುವ ಶೇಂಗಾ ಹಿಂಡಿ ಎರಡನ್ನೂ ಹೊರಗಿನ ತಿನಿಸೆಂದು ತೆಗೆದಿಟ್ಟರು. ಆಮೇಲೆ ಅರಿವೆಯಲ್ಲಿ ಸುತ್ತಿದ ಬಿಳಿ ಗಟ್ಟಿ ಸಿಕ್ಕಿತು. ಇದು ಏನು ಪೌಡರ್ ಎಂದು ಕಾವಲಿನವನು ಹಿಂದಿಯಲ್ಲಿ ಕೇಳಿದ. ವಿಭೂತಿಗೆ ಹಿಂದಿಯಲ್ಲಿ ಏನನ್ನುತ್ತಾರೆಂದು ನಾನು ನೆನಪು ಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ಮೂರು ಬೆರಳು ಒದ್ದೆ ಮಾಡಿ, ಗಟ್ಟಿಗೆ ತಿಕ್ಕಿ, ಅವನ ಹಣೆಗೆ ಎಳೆದುಬಿಟ್ಟಳು. ಅವನು ಕಣ್ಣು ಮುಚ್ಚಿ ಕೈ ಮುಗಿದ. ಹಿಂದೆ ನಿಂತಿದ್ದ ಇಬ್ಬರು ತಾವೂ ಹಣೆ ಒಡ್ಡಿದರು.

ವಿಭೂತಿ ಬಿಟ್ಟರು, ಹಿಂಡಿ ಬಿಡಲಿಲ್ಲ.

“ಭಕ್ತಿ ಅದ, ರುಚಿ ಇಲ್ಲ,” ಎಂದಳು ಹೆಂಡತಿ.

೩. ಪರದೆ

ನಮ್ಮ ಕೋಣೆಯಲ್ಲಿ ಕೆಳಗೆ ಎರಡು ಮಂಚ, ಹೆಂಡತಿಗೊಂದು, ಮಗಳಿಗೊಂದು. ನನ್ನದು ಗೋಡೆಯಿಂದ ಇಳಿಬಿಟ್ಟ ಮೂರನೆಯದು. ಏಣಿ ಹತ್ತಿ ಮಲಗಿದರೆ ಮೂಗಿಗೆ ಚಾವಣಿ ತಾಗುತ್ತಿತ್ತು. ಒಂದು ಗೋಡೆಗೆ ನೀಲಿ ಪರದೆ ಇತ್ತು. ಸಮುದ್ರ ನೋಡೋಣ ಬರ್ರಿ ಎಂದು ಹೆಂಡತಿ ಅದನ್ನು ಸರಿಸಿದಳು. ಹಿಂದೆ ಗೋಡೆಯೇ ಇತ್ತು.

ಸೇವಕನನ್ನು ಕರೆಸಿ ಕೇಳಿದೆವು. ಅವನು ಬಹಳ ವಿನಯದಿಂದ ಟೀವಿ ಹಚ್ಚಿಕೊಟ್ಟ. ಹಡಗಿನ ಮೂತಿಗೆ ಕಟ್ಟಿದ ಕ್ಯಾಮೆರಾದಲ್ಲಿ ಸಮುದ್ರ ಕಾಣುತ್ತಿತ್ತು. ಮೂವರೂ ಸಾಲಾಗಿ ಕುಳಿತು ನೋಡಿದೆವು. ಕೇಳಲು ಇದೇ ಹೊತ್ತು ಎಂದು ನಾನು ಬಾಯಿ ತೆರೆದೆ.

“ಟೀವ್ಯಾಗ ನೋಡಾಕ ಜೇವರ್ಗಿ ಸಾಲ್ತಿರಲಿಲ್ಲೇನ್ರಿ?” ಎಂದಳು ಹೆಂಡತಿ. ನನ್ನ ಪ್ರಶ್ನೆಗಿಂತ ಅದೇ ನ್ಯಾಯವಾಗಿತ್ತು.

೪. ಕುರ್ಚಿ

ಎರಡನೆಯ ದಿನದ ಊಟಕ್ಕೆ ಮೊದಲೇ ಹೋಗಿ, ಕೂಡಿ ಕೂಡಬೇಕೆಂದು ಮೂರು ಕುರ್ಚಿ ಹಿಡಿದೆ. ಒಂದಕ್ಕೆ ಟವೆಲ್, ಒಂದಕ್ಕೆ ಕನ್ನಡಕದ ಡಬ್ಬಿ, ಒಂದಕ್ಕೆ ನಾನು. ಜನ ಬಂದು ಖಾಲಿ ಇದೆಯೇ ಎಂದು ಕೇಳುತ್ತಿದ್ದರು, ಬರುತ್ತಾರೆ ಎನ್ನುತ್ತಿದ್ದೆ. ಮುಕ್ಕಾಲು ತಾಸಾದರೂ ಯಾರೂ ಬರಲಿಲ್ಲ. ಫೋನ್ ನೀರಿನ ಮೇಲೆ ಸತ್ತಿತ್ತು. ಸಾವಿರ ಜನ ಉಣ್ಣುವ ಸದ್ದಿನಲ್ಲಿ ಒಬ್ಬನೇ ತಣ್ಣನೆಯ ಅನ್ನ ಉಂಡು ಎದ್ದೆ.

ಸಂಜೆ ಲೆಕ್ಕ ಸಿಕ್ಕಿತು. ಅದೇ ಮಹಡಿಯ ಇನ್ನೊಂದು ತುದಿಯಲ್ಲಿ ಹೆಂಡತಿ ಸೆರಗು ಹಾಸಿ ಮೂರು ಕುರ್ಚಿ ಹಿಡಿದಿದ್ದಳು. ಮೇಲಿನ ಮಹಡಿಯಲ್ಲಿ ಮಗಳು ಮೂರು. ಮೂವರ ಸಂಸಾರಕ್ಕೆ ಒಂಬತ್ತು ಕುರ್ಚಿ ಹಿಡಿದು, ಮೂವರೂ ಒಬ್ಬೊಬ್ಬರೇ ಉಂಡಿದ್ದೆವು.

೫. ಪ್ರಶ್ನೆ

ಮೂರನೆಯ ದಿನ ಮಧ್ಯಾಹ್ನ. ಮರುದಿನ ಮುಂಬಯಿ. ಹೆಂಡತಿ ತಂಬೋಲಾ ಆಡಲು ಹೋಗಿದ್ದಳು. ನಾನು ದೀಪ ಆರಿಸಿ ಮೇಲೆ ಮಲಗಿದ್ದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಜೋಳ ತುಂಬುವ ಹಗೇವಿನಂಥ ಕತ್ತಲು. ಬಾಗಿಲು ತೆರೆಯಿತು. ಕೆಳಗೆ ಮಗಳ ಮಂಚ ಕಿರುಗುಟ್ಟಿತು. ಮುಖ ಕಾಣದಿದ್ದಾಗ ಮಾತು ಸುಲಭ. ಚಾವಣಿಗೆ ಹೇಳುವಂತೆ ಹೇಳಿದೆ:

“ನಿನ್ನ ಕೇಳದೇನೇ ಲಗ್ನ ನಿಕ್ಕಿ ಆತು. ನಾ ಆವತ್ತು ಬಾಯಿ ಬಿಟ್ಟು ಕೇಳಬೇಕಿತ್ತು, ಕೇಳಲಿಲ್ಲ. ಈಗರೆ ಖರೇ ಹೇಳು. ಈ ಸಂಬಂಧ ನಿನಗ ಮನಸಿಗೆ ಬಂದದೇನು? ಒಲ್ಲೆ ಅಂದ್ರ ಒಲ್ಲೆ ಅನ್ನು. ನಾ ಸಿಟ್ಟಾಗಂಗಿಲ್ಲ.”

ಕೆಳಗಿನಿಂದ ಹೆಂಡತಿಯ ದನಿ ಬಂತು.

“ನಮ್ಮ ಲಗ್ನ ಆಗಿ ಇಪ್ಪತ್ತಾರು ವರ್ಷ ಆತು. ಇದನ್ನ ಕೇಳಾಕ ಇಷ್ಟು ದೊಡ್ಡ ಹಡಗ ಬೇಕಾತೇನ್ರಿ?”

ತಲೆ ಸುತ್ತುತ್ತದೆಂದು ಆಟ ಬಿಟ್ಟು ಬಂದಿದ್ದಳಂತೆ. ತನ್ನ ಮಂಚಕ್ಕೆ ಏಸಿ ಗಾಳಿ ನೇರ ಬಡಿಯುತ್ತದೆಂದು ಮಗಳದರಲ್ಲಿ ಅಡ್ಡಾಗಿದ್ದಳು. ಅವಳನ್ನು ಕರೆತಂದ ಮಗಳು ಬಚ್ಚಲಲ್ಲಿದ್ದಳು. ಬಾಗಿಲು ಸ್ವಲ್ಪ ತೆರೆಯಿತು, ಬೆಳಕಿನ ಗೆರೆಯೊಂದು ಬಿತ್ತು. ನಗು ತಡೆದುಕೊಂಡೇ ಅಂದಳು:

“ಅಪ್ಪಾ, ಅದು ನನಗ ಕೇಳಿದ್ದಾದ್ರ, ನಂಗ ಮನಸಿಗೆ ಬಂದದ. ದಿನಾ ಅವರ ಜೋಡಿ ಮಾತಾಡ್ತೇನಿ. ಮನ್ಯಾಗ ಎಲ್ಲಾರಿಗೂ ಗೊತ್ತದ, ನಿಮಗೊಬ್ಬರಿಗೇ ಗೊತ್ತಿಲ್ಲ. ಅವ್ವನ ಉತ್ತರ ಅವ್ವಂದು.”

ಬಾಗಿಲು ಮುಚ್ಚಿತು. ಎದೆಯ ಭಾರ ಇಳಿಯಿತು, ಆದರೆ ನನಗೆ ಏಣಿ ಇಳಿಯುವ ಧೈರ್ಯ ಬರಲಿಲ್ಲ. ನಿಂದೇನು ಎಂದು ಮೇಲಿನಿಂದಲೇ ಕೇಳಿದೆ. ಹೆಂಡತಿ ಮಗ್ಗಲು ಬದಲಿಸಿದಳು. ಅವಸರ ಮಾಡಬೇಡಿ, ವಿಚಾರ ಮಾಡಿ ಹೇಳುತ್ತೇನೆ ಎಂದಳು.

ಹಡಗು ಮುಂಬಯಿ ಮುಟ್ಟಿತು. ನಾವು ಜೇವರ್ಗಿ ಮುಟ್ಟಿದೆವು. ಮಗಳ ಲಗ್ನವಾಗಿ ಈಗ ಮನೆಯಲ್ಲಿ ನಾವಿಬ್ಬರೇ. ಇನ್ನೂ ವಿಚಾರ ಮಾಡುತ್ತಿದ್ದಾಳೆ.