ಒಂದು ವೋಟಿನಿಂದ ಗೆದ್ದ ಶಾಸಕರಿಗೆ, ಸೋಲನ್ನು ಕೋರಿ

ನಮ್ಮ ಕ್ಷೇತ್ರದ ಮಾಜಿ, ಹಾಲಿ, ಮತ್ತೆ ಮಾಜಿ ಹಾಗೂ ಸದ್ಯಕ್ಕೆ ಹಾಲಿ ಶಾಸಕರಾದ ಮಾನ್ಯರೇ,

ವಸತಿ ಸಮುಚ್ಚಯದ ಮೂರನೇ ಮಹಡಿಯಲ್ಲಿ ಹೊಲಿಗೆ ಯಂತ್ರ ತುಳಿದು ಬದುಕುವ ಟೈಲರಮ್ಮನ ತಲೆಬಾಗಿದ ವಂದನೆಗಳು. ತಾವು ಒಂದೇ ಒಂದು ವೋಟಿನ ಅಂತರದಿಂದ ಗೆದ್ದ ಸುದ್ದಿ ಕೇಳಿದ ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ ಎಂಬುದನ್ನು ಅತ್ಯಂತ ಗೌರವದಿಂದ ತಮ್ಮ ಗಮನಕ್ಕೆ ತರುತ್ತಿದ್ದೇನೆ.

ತಮ್ಮ ಚುನಾವಣಾ ಚರಿತ್ರೆ ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಒಂದು ಸಲ ಗೆಲ್ಲುತ್ತೀರಿ, ಮರುಸಲ ಸೋಲುತ್ತೀರಿ, ಗೆದ್ದರೂ ಸೋತರೂ ಅಂತರ ಒಂದು ಬಸ್ಸಿನಲ್ಲಿ ಹಿಡಿಸುವಷ್ಟು ಜನರನ್ನು ದಾಟಿದ್ದಿಲ್ಲ. ಪತ್ರಿಕೆಯವರು ಇದನ್ನು ತುರುಸಿನ ಪೈಪೋಟಿ ಎನ್ನುತ್ತಾರೆ. ನಾವು ಕಂಡಂತೆ, ಸೋತ ತಾವು ಅಪ್ಪಟ ಚಿನ್ನ. ಗೆದ್ದ ತಾವು ಹೇಗಿರುತ್ತೀರೋ ನೋಡಿದವರೇ ಇಲ್ಲ. ಗೆದ್ದಾಗಲೆಲ್ಲ ತಾವೊಂದು, ತಮ್ಮ ಎದುರಾಳಿಯೊಂದು ಎಂದು ನಮ್ಮ ಕಟ್ಟಡದ ಲಿಫ್ಟಿಗೆ ಹಾಕಿದ ಅಡಿಗಲ್ಲುಗಳೇ ಲಿಫ್ಟಿನ ಜಾಗವನ್ನೆಲ್ಲ ತುಂಬಿಕೊಂಡಿರುವುದರಿಂದ, ಇನ್ನು ಲಿಫ್ಟ್ ಬಂದರೂ ಅದು ರಸ್ತೆಯಲ್ಲೇ ನಿಂತಿರಬೇಕಾಗುತ್ತದೆ.

ನಮ್ಮ ಅತ್ತೆಯ ಮಂಡಿ ಸವೆದುಹೋಗಿದೆ. ಅವರ ತಂಗಿ ಇದೇ ಕಟ್ಟಡದ ನೆಲಮಹಡಿಯಲ್ಲಿದ್ದಾರೆ; ಅವರಿಗೆ ಉಬ್ಬಸ, ಮೆಟ್ಟಿಲು ಹತ್ತುವಂತಿಲ್ಲ. ಕಳೆದ ಸಲ ಸೋತ ಮರುದಿನದಿಂದ ತಾವು ಬೆಳಗಾದರೆ ಬಂದು ಅತ್ತೆಯನ್ನು ಬೆನ್ನ ಮೇಲೆ ಹೊತ್ತು ತಂಗಿಯ ಮನೆಗೆ ಇಳಿಸಿ, ಸಂಜೆ ಮತ್ತೆ ಹೊತ್ತು ತರುತ್ತಿದ್ದಿರಿ. ಹೆತ್ತ ಮಗ, ಅಂದರೆ ನಮ್ಮ ಯಜಮಾನರು, ತಮಗೆ ಸೊಂಟ ಹಿಡಿದಿದೆಯೆಂದು ಗೋಡೆಗೊರಗಿ ನೋಡುತ್ತಿದ್ದರು. ನಾನೋ ಅತ್ತೆಯ ಅರ್ಧ ತೂಕದವಳು. ಅಕ್ಕ ತಂಗಿ ದಿನವಿಡೀ ಜಗಳವಾಡಿ, ಹೊಟ್ಟೆ ತುಂಬ ನಕ್ಕು, ನಾಳೆಯ ಜಗಳಕ್ಕೆ ಒಂದಿಷ್ಟು ಉಳಿಸಿಕೊಂಡು ಬೇರೆಯಾಗುತ್ತಿದ್ದರು. ಅತ್ತೆಗೆ ಬದುಕು ಎಂದರೆ ಅದೊಂದೇ ಆಗಿತ್ತು.

ಉಂಡ ಮನೆಗೆ ಎರಡು ಬಗೆಯದ ಅತ್ತೆ, ವೋಟು ತಮಗೇ ಎಂದು ಹಟ ಹಿಡಿದರು. “ಅತ್ತೆ, ಕೈ ಮುಗೀತೀನಿ, ಒಳ್ಳೆ ಮನುಷ್ಯ, ಗೆಲ್ಲಿಸಿ ಹಾಳು ಮಾಡ್ಬೇಡಿ” ಎಂದು ಬೇಡಿಕೊಂಡೆ. ಕೇಳಿದರೆ ತಾನೇ? ಮತಗಟ್ಟೆಗೆ ತಾವೇ ಹೊತ್ತೊಯ್ದಿರಿ, ತಾವೇ ಹೊತ್ತು ತಂದಿರಿ. ಆ ಒಂದು ವೋಟು ತನ್ನದೆಂದು ಕ್ಷೇತ್ರದಲ್ಲಿ ಎಲ್ಲರೂ ಹೇಳಿಕೊಂಡು ತಿರುಗುತ್ತಿದ್ದಾರೆ, ತಿರುಗಲಿ. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಂಡವರು ನಮ್ಮ ಅತ್ತೆ. ಫಲಿತಾಂಶದ ದಿನದಿಂದ ತಾವು ನಾಪತ್ತೆ.

ವಾಡಿಕೆಯಂತೆ, ಸೋತ ಎದುರಾಳಿಯವರು ಮರುದಿನವೇ ಬಂದು ಅತ್ತೆಯನ್ನು ಹೊತ್ತರು. ಎರಡು ಮಹಡಿ ಇಳಿದಿದ್ದರು. ಏದುಸಿರು ಬಿಡುತ್ತಲೇ, “ಅಮ್ಮಾ, ವೋಟು ಯಾರಿಗೆ ಹಾಕಿದ್ರಿ?” ಎಂದು ಕೇಳಿದರು. ಸುಳ್ಳು ಹೇಳಿ ಗೊತ್ತಿಲ್ಲದ ಅತ್ತೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರು ಅತ್ತೆಯನ್ನು ಮೊದಲನೇ ಮಹಡಿಯಲ್ಲೇ ಇಳಿಸಿ, ಬಟ್ಟೆ ಕೊಡವಿಕೊಂಡು ಹೊರಟುಹೋದರು. ಅಂದಿನಿಂದ ಅತ್ತೆಯ ಸಂಸಾರ ಅಲ್ಲಿಯ ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ನಡುಮನೆಯಲ್ಲಿ. ಮೇಷ್ಟ್ರು ಒಳ್ಳೆಯವರು, ಆದರೆ ಬೆಳಿಗ್ಗೆಯಿಂದ ಕಲಿಯುವವರೆಲ್ಲ ಬರೀ ಸ್ಟೀರಿಂಗ್ ಚಕ್ರ ಕೈಯಲ್ಲಿ ಹಿಡಿದು ಅತ್ತೆಯ ಸುತ್ತಲೇ ತಿರುವು ಅಭ್ಯಾಸ ಮಾಡುತ್ತಾರೆ. ಅಕ್ಕ ಮೇಲಿನಿಂದ ಕೂಗುತ್ತಾರೆ, ತಂಗಿ ಕೆಳಗಿನಿಂದ ಕೂಗುತ್ತಾರೆ, ಮುಖ ಮಾತ್ರ ಕಾಣುವುದಿಲ್ಲ. ಮೊನ್ನೆ ಉಬ್ಬಸ ಜೋರಾಗಿ ತಂಗಿಯಿಂದ ಉತ್ತರ ಬರಲಿಲ್ಲ, ಅತ್ತೆ ಮೆಟ್ಟಿಲ ಮೇಲೆ ಕೂತು ಮಗುವಿನಂತೆ ಅತ್ತರು. ಅಂದೇ ನಾನು ಈ ಪತ್ರ ಬರೆಯಲು ಕೂತೆ.

ಆದಕಾರಣ ಮಾನ್ಯರು ದಯಮಾಡಿ ಕೂಡಲೇ ಸೋಲಬೇಕು. ಅವಧಿ ಮುಗಿಯದೆ ಸೋಲುವಂತಿಲ್ಲವೆಂದು ನಿಯಮ ಅಡ್ಡಬಂದರೆ, ಬೆಳಿಗ್ಗೆ ಸಂಜೆ ಒಂದೊಂದು ಗಳಿಗೆಯಾದರೂ ಸೋತವರಾಗಿರಲು ಸಭಾಧ್ಯಕ್ಷರ ಅಪ್ಪಣೆ ಪಡೆಯಬೇಕು. ಅದೂ ಆಗದಿದ್ದರೆ, ಚುನಾವಣೆಗೆ ನಿಂತವರೆಲ್ಲರೂ ಕಡ್ಡಾಯವಾಗಿ ಸೋಲುವಂಥ ಕಾನೂನೊಂದನ್ನು ತಂದುಬಿಟ್ಟರೆ, ತಾವಿಬ್ಬರೂ ಕುರ್ಚಿಯ ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಅತ್ತೆಯನ್ನು ಇಳಿಸಬಹುದು. ಕುರ್ಚಿ ಹಿಡಿಯುವ ಅಭ್ಯಾಸ ಇಬ್ಬರಿಗೂ ಇದ್ದೇ ಇದೆ.

ತಮ್ಮ ಮುಂದಿನ ಸೋಲನ್ನು ಹಗಲಿರುಳು ಹಾರೈಸುವ,
ತಮ್ಮ ವಿಶ್ವಾಸಿ,
ಮೂರನೇ ಮಹಡಿಯ ಟೈಲರಮ್ಮ

ವಿ.ಸೂ.: ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ತಮ್ಮ ಮೇಲೆ ಅವರಿಗೆ ಎಳ್ಳಷ್ಟೂ ಸಿಟ್ಟಿಲ್ಲ. “ಹೊಟ್ಟೇಲಿ ಹುಟ್ಟಿದ ಮಗನಿಗಿಂತ ಹೆಚ್ಚು ಕಣೇ ಅವನು. ಇನ್ನು ಪ್ರಾಣ ಹೋದ್ರೂ ಅವನಿಗೆ ವೋಟು ಹಾಕಲ್ಲ, ಹಾಗಂತ ಬರಿ” ಎಂದರು.